ಎವಾನ್ಸ್ ಗ್ಯಾಂಬಿಟ್: ಪಾನ್ ಕೊಟ್ಟ ಮೇಲೆ ದಾಳಿ ಯಾಕೆ ಆರಿಹೋಗುತ್ತೆ?

ಬಿ4_ತಳ್ಳು (ಸರಸ್ವತಿಪುರಂ, ಮೈಸೂರು)

ಇಲ್ಲೇ ಮೈಸೂರಲ್ಲಿ ಒಂದು ರ್‍ಯಾಪಿಡ್ ಟೂರ್ನಿ ಇದೆ, 15 ನಿಮಿಷ, ನಡೆಗೆ 5 ಸೆಕೆಂಡ್. ಬಿಳಿ ಸಿಕ್ಕಾಗ ಎವಾನ್ಸ್ ಗ್ಯಾಂಬಿಟ್ ಆಡೋ ಯೋಚನೆ, ಅಂದ್ರೆ ಶುರುವಲ್ಲೇ ಬಿ4 ಪಾನ್ (ಕಾಲಾಳು) ಬಿಟ್ಟುಕೊಟ್ಟು ದಾಳಿಗೆ ಹೋಗೋ ಚೆಸ್ ಆರಂಭ. 1. ಇ4 ಇ5 2. ಕುದುರೆ ಎಫ್3, ಕುದುರೆ ಸಿ6 3. ಬಿಷಪ್ ಸಿ4, ಬಿಷಪ್ ಸಿ5 4. ಬಿ4, ಬಿಷಪ್ ಅದನ್ನ ಹೊಡೀತು, 5. ಸಿ3. ಇಲ್ಲೀವರೆಗೆ ಸರಿ. ಮುಂದೆ ಎರಡು ಕಡೆ ತೊಡಕು.

ಕಪ್ಪು ಬಿಷಪ್ ಎ5ಕ್ಕೆ ಹೋದ್ರೆ ಮೊದಲು ಕ್ಯಾಸಲಿಂಗಾ (ರಾಜ, ರೂಕ್ ಒಟ್ಟಿಗೇ ಸರಿಸೋದು), ಡಿ4ಆ? ಇನ್ನೊಂದು, ಅದು ಇ7ಕ್ಕೆ ಹೋಗಿ, ಆಮೇಲೆ ಕುದುರೆ ಎ5ಕ್ಕೆ ಬಂದು ನಮ್ಮ ಸಿ4 ಬಿಷಪ್ ಮೇಲೆ ಬಿದ್ರೆ ಏನು ಮಾಡೋದು? ಚೆಸ್ ಎಂಜಿನ್ (ಕಂಪ್ಯೂಟರ್) ಕೇಳಿದ್ರೆ ಹೆಚ್ಚುಕಮ್ಮಿ ಸಮ ಅನ್ನುತ್ತೆ, ಯಾಕೆ ಅಂತ ಹೇಳಲ್ಲ.

ಎಫ್7_ನೋಡ್ಕೋ (ಕುವೆಂಪುನಗರ)

ಡಿ4 ಮೊದಲು. ಕಾರಣ ಲಾಸ್ಕರ್ ಡಿಫೆನ್ಸ್ ಅನ್ನೋ ಕಪ್ಪಿನ ರಕ್ಷಣೆ. ನೀವು 6ನೇ ನಡೆಯಲ್ಲಿ ಕ್ಯಾಸಲಿಂಗ್ ಮಾಡಿದ್ರೆ ಅವರು ಡಿ6 ಇಡ್ತಾರೆ. 7. ಡಿ4ಗೆ ಉತ್ತರ ಬಿಷಪ್ ಬಿ6. ಈಗ ಪಾನ್ ವಾಪಸ್ ತಗೊಳ್ಳೋ ಆಸೆಗೆ ಬಿದ್ರೆ ಕೆಟ್ರಿ (× ಅಂದ್ರೆ ಹೊಡೆಯೋದು): 8. ಡಿ×ಇ5 ಡಿ×ಇ5 9. ಕ್ವೀನ್×ಡಿ8 ಚೆಕ್, ಕುದುರೆ×ಡಿ8 10. ಕುದುರೆ×ಇ5, ಬಿಷಪ್ ಇ6. ಪಾನ್ ಲೆಕ್ಕ 6ಕ್ಕೆ 6, ಸಮ. ಆದ್ರೆ ಕ್ವೀನ್‌ಗಳು ಬೋರ್ಡ್ ಮೇಲಿಲ್ಲ, ನಿಮ್ಮ ಎ ಮತ್ತು ಸಿ ಪಾನ್‌ಗಳು ಅಕ್ಕಪಕ್ಕ ದಿಕ್ಕಿಲ್ಲದೆ ಒಂಟಿ. ದಾಳಿ ಮಾಡೋಕೆ ಕೊಟ್ಟ ಪಾನ್ ಕೊನೆಗೆ ಕಪ್ಪಿಗೆ ಸೊಗಸಾದ ಎಂಡ್‌ಗೇಮ್ ತಂದುಕೊಟ್ಟ ಹಾಗಾಯ್ತು.

6. ಡಿ4 ಆಡಿದ್ರೆ, ಡಿ6 ಬಂದ ತಕ್ಷಣ 7. ಕ್ವೀನ್ ಬಿ3. ಎಫ್7 ಮೇಲೆ ಕ್ವೀನ್, ಬಿಷಪ್ ಎರಡೂ ಬಿದ್ವು. ಕಪ್ಪಿಗೆ ಸರಿಯಾದ ನಡೆ ಕ್ವೀನ್ ಡಿ7, ನೋಡೋಕೆ ಅಸಹ್ಯ ಆದ್ರೂ ಗಟ್ಟಿ. ಅಲ್ಲಿಂದ 8. ಡಿ×ಇ5, ಬಿಷಪ್ ಬಿ6 9. ಬಿ1 ಕುದುರೆ ಡಿ2, ಕುದುರೆ ಎ5 10. ಕ್ವೀನ್ ಸಿ2. ಕ್ವೀನ್ ಡಿ7 ಬದಲು ಇ7ಕ್ಕೆ ಹೋದ್ರೆ 8. ಡಿ5, ಕುದುರೆ ಡಿ4 9. ಕುದುರೆ×ಡಿ4 ಇ×ಡಿ4 10. ಕ್ವೀನ್ ಎ4 ಚೆಕ್, ಎ5 ಬಿಷಪ್ ನಿಮ್ಮದು. ಹಾಗಂತ ಕುಣಿಬೇಡಿ. ರಾಜ ಎಫ್8ಕ್ಕೆ ಸರಿದು, ನೀವು ಬಿಷಪ್ ಹೊಡೆದ ಕೂಡಲೇ ಕ್ವೀನ್×ಇ4 ಚೆಕ್ ಇದೆ. ಅದನ್ನ ಮೊದಲೇ ನೋಡಿಟ್ಕೊಂಡಿರಬೇಕು.

6ನೇ ನಡೆಯಲ್ಲಿ ಅವರು ಇ×ಡಿ4 ಹೊಡೆದ್ರೆ ಮಾತ್ರ ಕ್ಯಾಸಲಿಂಗ್. ಮೂರನೇ ಪಾನೂ ಹೊಡೆಯೋ ಆಸೆಬುರುಕರಿಗೆ (7... ಡಿ×ಸಿ3, ಅಂದ್ರೆ ಕಪ್ಪಿನ 7ನೇ ನಡೆ) 8. ಕ್ವೀನ್ ಬಿ3, ಕ್ವೀನ್ ಎಫ್6 9. ಇ5! ಆ ಪಾನ್‌ನ ಕುದುರೆಯಿಂದ ಹೊಡೆದ್ರೆ 10. ರೂಕ್ ಇ1, ಕುದುರೆ ರಾಜನ ಮುಂದೆ ಪಿನ್, ಕದಲೋ ಹಾಗಿಲ್ಲ. ಡಿ6 ಅಂತ ಕಾಪಾಡಿದ್ರೆ 11. ಕುದುರೆ×ಇ5 ಡಿ×ಇ5 12. ಕ್ವೀನ್ ಬಿ5 ಚೆಕ್, ಮತ್ತೆ ಅದೇ ಎ5 ಬಿಷಪ್ ಹೋಯ್ತು. ಎವಾನ್ಸ್‌ನಲ್ಲಿ ಎ5 ಬಿಷಪ್‌ಗೆ ಸಿ6 ಕುದುರೆ ಸರಿದ್ರೆ ಯಾರ ಕಾವಲೂ ಇಲ್ಲ ಅನ್ನೋದನ್ನ ಪ್ರತಿ ನಡೆಗೂ ನೆನಪಿಟ್ಕೊಳ್ಳಿ, ಅರ್ಧ ತಂತ್ರಗಳು ಅಲ್ಲಿಂದಲೇ ಹುಟ್ಟೋದು.

ಓದಿಕೊಂಡು ಬಂದವರು 7... ಜಿ8 ಕುದುರೆ ಇ7 ಆಡ್ತಾರೆ. 8. ಸಿ×ಡಿ4 ಡಿ5! ನಡುಭಾಗ ಒಡೆದು ಬಿಡಿಸ್ಕೊಳ್ಳೋ ಉಪಾಯ. 9. ಇ×ಡಿ5 ಕುದುರೆ×ಡಿ5 10. ಬಿಷಪ್ ಎ3. ಎಫ್8 ಮನೆ ನಿಮ್ಮ ಹಿಡಿತದಲ್ಲಿ ಇರೋವರೆಗೆ ಅವರು ಆ ಕಡೆ ಕ್ಯಾಸಲಿಂಗ್ ಮಾಡೋ ಹಾಗಿಲ್ಲ. ಬಿಷಪ್ ಇ6 ಬಂದ್ರೆ 11. ಬಿಷಪ್ ಬಿ5. ಮೇಟ್ ಹುಡುಕೋಕೆ ಹೋಗಬೇಡಿ, ರಾಜನ್ನ ನಡುವಲ್ಲೇ ಕೂರಿಸೋದು ಸದ್ಯದ ಕೆಲಸ.

ಸಕ್ಕರೆನಾಡು64 (ಮಂಡ್ಯ)

ಎರಡನೇದಕ್ಕೆ ನಾನು ಹೇಳ್ತೀನಿ ಕಣಣ್ಣ. 5... ಬಿಷಪ್ ಇ7 6. ಡಿ4, ಕುದುರೆ ಎ5. ಇಲ್ಲಿ ಎಲ್ರೂ ಇ5 ಪಾನ್ ಬಿಟ್ಟಿ ಬಿದ್ದೈತೆ ಅಂತ ಕುದುರೆಯಿಂದ ಹೊಡ್ದುಬುಡ್ತಾರೆ. ಅವ್ನು ಕುದುರೆ×ಸಿ4, ನೀವು ಕುದುರೆ×ಸಿ4, ಅವ್ನು ಡಿ5. ಆಮೇಲೆ ಇ×ಡಿ5 ಕ್ವೀನ್×ಡಿ5 ಆದ್ರೆ ಅವ್ನ ಕ್ವೀನು ಸಿ4 ಕುದುರೆ, ಜಿ2 ಪಾನು ಎರಡ್ನೂ ಒಟ್ಟಿಗೇ ಹಿಡ್ಕೊಂಡಿರ್ತದೆ. ಎರಡು ಬಿಷಪ್ಪೂ ಅವ್ನತ್ರನೇ. ಪಾನ್ ಲೆಕ್ಕ ಸರಿಹೋಯ್ತು, ಆಟ ಹೋಯ್ತು.

ಅದರ ಬದ್ಲು 7. ಬಿಷಪ್ ಇ2 ಅಂತ ತೆಪ್ಪಗೆ ಹಿಂದಕ್ಕೆ ತನ್ನಿ. ಇ×ಡಿ4 ಹೊಡದ್ರೆ ಪಾನಿಂದ ಹೊಡೀಬೇಡಿ, 8. ಕ್ವೀನ್×ಡಿ4. ಜಿ7 ಮೇಲೆ ಕಣ್ಣು. 1995ರಲ್ಲಿ ರೀಗಾದಾಗೆ ಕಾಸ್ಪರೋವ್ ನಮ್ಮ ಆನಂದ್ ಮೇಲೆ ಆಡಿದ್ದು ಇದ್ನೇ. ಕುದುರೆ ಎಫ್6 9. ಇ5, ಕುದುರೆ ಸಿ6 10. ಕ್ವೀನ್ ಎಚ್4, ಕುದುರೆ ಡಿ5 11. ಕ್ವೀನ್ ಜಿ3. ತಿರ್ಗ ಜಿ7. ಆನಂದ್ ಜಿ6 ತಳ್ಳಿದ್ರು, ಎಚ್6 ಮನೆ ತೂತು ಬಿತ್ತು, 15ನೇ ನಡೆಗೆ ಅಲ್ಲಿಗೆ ಬಿಷಪ್ ಬಂದು ಕೂತ್ಕತು. ಕ್ಯಾಸಲಿಂಗೇ ಆಗ್ನಿಲ್ಲ. 25 ನಡೆಗೆ ಮುಗೀತು. ಆ ಎ5 ಕುದುರೆ ನೋಡಿ: ಸಿ6ರಿಂದ ಎ5, ಎ5ರಿಂದ ಮತ್ತೆ ಸಿ6. ಎರಡು ನಡೆ ದಂಡ. ನೀವು ಬಿಷಪ್ಪಿಗೆ ಒಂದು ನಡೆ ಕಳ್ಕೊಂಡ್ರಿ, ಅವ್ನು ಎರಡು. ನಿಮ್ ಪಾನಿಗೆ ಸಿಕ್ಕಿದ ಬೆಲೆ ಅದೇಯ.

ಬಿ4_ತಳ್ಳು

ಕ್ವೀನಿಂದಲೇ ಡಿ4 ಹೊಡೆಯೋದು ಹೊಳೆದಿರಲಿಲ್ಲ. ಬಿಷಪ್ ಸಿ5ಕ್ಕೇ ವಾಪಸ್ ಹೋದ್ರೆ? ಪಾನ್ ಮುಟ್ಟದೆ ಬಿ6ಕ್ಕೆ ಹೋದ್ರೆ?

ಎಫ್7_ನೋಡ್ಕೋ

ಸಿ5 ಆದ್ರೆ 6. ಡಿ4 ಇ×ಡಿ4. ಇಲ್ಲಿ ಸಿ×ಡಿ4 ಅವಸರ, ಬಿಷಪ್ ಬಿ4 ಚೆಕ್ ತಿನ್ಬೇಕು. 7. ಕ್ಯಾಸಲಿಂಗ್ ಮಾಡಿ. ಡಿ×ಸಿ3 ಹೊಡೆದ್ರೆ 8. ಬಿಷಪ್×ಎಫ್7 ಚೆಕ್! ರಾಜ ಹೊಡೆದ್ರೆ ಕ್ವೀನ್ ಡಿ5 ಚೆಕ್, ಮುಂದಿನ ನಡೆಗೆ ಸಿ5 ಬಿಷಪ್ ಬರುತ್ತೆ. ತಿಳಿದವರು 7... ಡಿ6 ಇಟ್ಟು, 8. ಸಿ×ಡಿ4 ಆದ ಮೇಲೆ ಬಿಷಪ್ ಬಿ6ಕ್ಕೆ ಹೋಗ್ತಾರೆ. ಒಂದು ಪಾನ್ ಕಮ್ಮಿ, ಆದ್ರೆ ನಡುಭಾಗ ಪೂರಾ ನಿಮ್ಮದು. ಬಿ4 ಪಾನ್‌ನ ಬಿಷಪ್ ಬದಲು ಕುದುರೆ ಹೊಡೆದ್ರೂ ಗಾಬರಿ ಬೇಡ: 5. ಸಿ3, ಕುದುರೆ ಸಿ6 6. ಡಿ4, ಹೇಳಿದ ಸ್ಥಿತಿಯೇ ಬರುತ್ತೆ.

4... ಬಿಷಪ್ ಬಿ6ಕ್ಕೆ 5. ಎ4. ಅವರು ಎ6 ಆಡ್ತಾರೆ, ಎ5 ಬಂದಾಗ ಬಿಷಪ್‌ಗೆ ಎ7ರಲ್ಲಿ ಜಾಗ ಇರ್ಲಿ ಅಂತ. ಆಮೇಲೆ ಸಾಮಾನ್ಯ ಆಟ, ಪಾನೂ ಹೋಗಿರಲ್ಲ.

ತುರಗಬಂಧ (ಶ್ರೀರಂಗಪಟ್ಟಣ)

ಒಂದು ಬಿಟ್ಟುಹೋಗಿದೆ. ಎವಾನ್ಸ್ ಬರಬೇಕಾದ್ರೆ ಎದುರಾಳಿ ಮೂರನೇ ನಡೆಯಲ್ಲಿ ಬಿಷಪ್ ಸಿ5 ಆಡ್ಬೇಕು. ಕ್ಲಬ್ ಹುಡುಗರು ಬಹಳಷ್ಟು ಸಲ 3... ಕುದುರೆ ಎಫ್6 ಆಡ್ತಾರೆ. ಅಲ್ಲಿ ಬಿ4 ತಳ್ಳಿದ್ರೆ ಬರೀ ಪಾನ್ ದಾನ. ಅದಕ್ಕೆ 4. ಡಿ4 ಇ×ಡಿ4 5. ಕ್ಯಾಸಲಿಂಗ್ ಕಲೀರಿ. ಕುದುರೆ×ಇ4 6. ರೂಕ್ ಇ1 ಡಿ5 7. ಬಿಷಪ್×ಡಿ5! ಕ್ವೀನ್×ಡಿ5 8. ಕುದುರೆ ಸಿ3. ಡಿ4 ಪಾನ್ ಆ ಕುದುರೆನ ಹೊಡೆದ್ರೆ ಕ್ವೀನ್ ಹೋಗುತ್ತೆ, ಯಾಕಂದ್ರೆ ಡಿ ಫೈಲ್ ತೆರೆದು ನಿಮ್ಮ ಕ್ವೀನ್ ಡಿ5 ಹೊಡೆಯುತ್ತೆ. ಕಪ್ಪು ಮೊದಲ ನಡೆಗೇ ಸಿ5 ಆಡಿದ್ರೆ ಸ್ಮಿತ್-ಮೋರಾ, ಅದೂ ಪಾನ್ ಕೊಟ್ಟು ಆಡೋ ಗ್ಯಾಂಬಿಟ್ಟೇ: 2. ಡಿ4 ಸಿ×ಡಿ4 3. ಸಿ3.

ಗಡಿಯಾರದ ವಿಷಯ: ಮೇಲಿನ ಸಾಲುಗಳನ್ನ 10ನೇ ನಡೆವರೆಗೆ ಬಾಯಿಪಾಠ ಮಾಡಿ, 2 ನಿಮಿಷದೊಳಗೆ ಮುಗಿಸಿ. ಯೋಚನೆ ಮಾಡೋ ಸಮಯ ಕಪ್ಪಿನವರದ್ದು ಸುಡಬೇಕು, ನಿಮ್ಮದಲ್ಲ.

ಅಂದಹಾಗೆ, ಹಡಗಿನ ಕ್ಯಾಪ್ಟನ್ ವಿಲಿಯಂ ಡೇವಿಸ್ ಎವಾನ್ಸ್ ಇದನ್ನ ಹುಡುಕಿದ್ದು 1820ರ ದಶಕದಲ್ಲಿ. ಆಗ ಮೈಸೂರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲ. ಅವರದ್ದೂ ಚದುರಂಗದ ಹುಚ್ಚೇ, ಕುದುರೆನ 64 ಮನೆ ಸುತ್ತಿಸೋ ಬಂಧಗಳನ್ನ ಕಟ್ಟಿದವರು. ಆದ್ರೆ ನಮ್ಮ ಹಳೇ ಪದ್ಧತಿಯಲ್ಲಿ ಪಾನ್ ಒಂದೊಂದೇ ಮನೆ ಹೋಗ್ತಿತ್ತು, ಒಂದೇ ಏಟಿಗೆ ಬಿ4 ಅನ್ನೋಕೆ ಆಗ್ತಿರಲಿಲ್ಲ!