ಎಂಜಿನ್ ಕವರ್‌ಗೆ ಕಪ್ಪು ಬಣ್ಣ, ಕಡಲ ಗಾಳಿಗೆ ಯಾವುದು ನಿಲ್ಲುತ್ತದೆ?

ಮಲ್ಪೆ ಸವಾರ:
ನನ್ನ ಬೈಕಿನ ಕ್ಲಚ್ ಕವರ್, ಮ್ಯಾಗ್ನೆಟ್ ಕವರ್ ಎರಡರದ್ದೂ ಕಪ್ಪು ಬಣ್ಣ ಹಪ್ಪಳದ ಹಾಗೆ ಏಳುತ್ತಿದೆ, ಅಡಿಯಲ್ಲಿ ಬಿಳಿ ಪುಡಿ. ದಿನಾ ಮಲ್ಪೆಯಿಂದ ಮಣಿಪಾಲಕ್ಕೆ ಓಡಾಟ. ಹೋದ ವರ್ಷ ಸ್ಪ್ರೇ ಡಬ್ಬಿ ತಂದು ನಾನೇ ಹೊಡೆದೆ. ಒಂದು ಮಳೆಗಾಲವೂ ಬಾಳಲಿಲ್ಲ. ಪೌಡರ್ ಕೋಟಿಂಗ್ (ಬಣ್ಣದ ಪುಡಿ ಹಾಕಿ ಓವನ್‌ನಲ್ಲಿ ಬೇಯಿಸುವುದು) ಮಾಡಿಸಬಹುದಾ?

ಪಣಂಬೂರು ಗ್ಯಾರೇಜ್:
ಖಂಡಿತ ಮಾಡಿಸಿ. ಆದರೆ ಬಣ್ಣಕ್ಕಿಂತ ಅಡಿಯ ಕೆಲಸ ಜಾಸ್ತಿ ಮುಖ್ಯ. ಆ ಬಿಳಿ ಪುಡಿ ಅಲ್ಯೂಮಿನಿಯಂ ತುಕ್ಕು, ಅದರ ಮೇಲೆ ಏನು ಬಳಿದರೂ ಮತ್ತೆ ಏಳುತ್ತದೆ, ಬ್ಲಾಸ್ಟಿಂಗ್ (ಜೋರು ಗಾಳಿಯಲ್ಲಿ ಮರಳಿನಂಥ ಕಣ ಹೊಡೆದು ಕೆರೆಯುವುದು) ಮಾಡಿ ಪೂರ್ತಿ ತೆಗೆಸಿ. ಇನ್ನೊಂದು, ಎರಕದ ಕವರ್‌ನ ಸಣ್ಣ ರಂಧ್ರಗಳಲ್ಲಿ ಹಳೆ ಆಯಿಲ್ ಕೂತಿರುತ್ತದೆ, ಪೌಡರನ್ನು ಸುಮಾರು 180ರಿಂದ 200 ಡಿಗ್ರಿಯಲ್ಲಿ ಬೇಯಿಸುವಾಗ ಅದು ಹೊಗೆಯಾಗಿ ಹೊರಬಂದು ಬಣ್ಣದಲ್ಲಿ ಸೂಜಿ ತೂತು ಬೀಳುತ್ತದೆ, ಅಲ್ಲಿಂದಲೇ ಉಪ್ಪು ನೀರು ಒಳಗೆ ಹೋಗುವುದು. ಹಾಗಾಗಿ ಬಣ್ಣಕ್ಕೆ ಮೊದಲು ಒಮ್ಮೆ ಖಾಲಿ ಬೇಯಿಸಲು ಹೇಳಿ. ಆಯಿಲ್ ಸೀಲ್ ಬಿಚ್ಚಿ ಕೊಡಿ. ಗ್ಯಾಸ್ಕೆಟ್ ಕೂರುವ ಜಾಗ, ಬೋಲ್ಟ್ ತೂತು, ಬೇರಿಂಗ್ ಜಾಗಕ್ಕೆ ಬಣ್ಣ ತಾಗದ ಹಾಗೆ ಟೇಪ್ ಹಾಕಲೇಬೇಕು.

ಕಾಪು ಬೀಚ್ ರೈಡರ್:
ಸ್ಪ್ರೇಯೂ ನಿಲ್ಲುತ್ತದೆ ಮಾರಾಯ್ರೆ. ಎಪಾಕ್ಸಿ ಪ್ರೈಮರ್ (ಬಣ್ಣ ಹಿಡಿಯಲು ಅಡಿಗೆ ಹೊಡೆಯುವ ಪದರ) ಹೊಡೆದು ಮೇಲೆ ಎಂಜಿನ್ ಎನಾಮೆಲ್ (ಎಂಜಿನ್ ಬಿಸಿ ತಡೆಯುವ ಬಣ್ಣ), ಡಬ್ಬಿಯಲ್ಲಿ ಬರೆದ ಹಾಗೆ ಬಿಸಿ ಮಾಡಿ ಒಣಗಿಸಬೇಕು. ಸೈಲೆನ್ಸರ್ ಪೇಂಟ್ ಮಾತ್ರ ಬೇಡ, ಅದು ಗಟ್ಟಿಯಾಗಲು ತುಂಬಾ ಬಿಸಿ ಬೇಕು, ಕವರ್ ಅಷ್ಟು ಬಿಸಿಯಾಗುವುದಿಲ್ಲ ಅಲ್ವಾ.

ಮಲ್ಪೆ ಸವಾರ:
ಮ್ಯಾಟ್ (ಹೊಳಪಿಲ್ಲದ್ದು) ಒಳ್ಳೆಯದಾ?

ಪಣಂಬೂರು ಗ್ಯಾರೇಜ್:
ಸೆಮಿ ಗ್ಲಾಸ್ (ಅರ್ಧ ಹೊಳಪಿನದು) ತೆಗೆದುಕೊಳ್ಳಿ. ಮ್ಯಾಟ್‌ನಲ್ಲಿ ಕೊಳೆ ಕೂತರೆ ಬೇಗ ಹೋಗುವುದಿಲ್ಲ. ವಾರಕ್ಕೊಮ್ಮೆ ಸಿಹಿ ನೀರಲ್ಲಿ ತೊಳೆಯಿರಿ.