ಅಗಳದಾಚೆಯ ತೋಟದ ಎಲೆಚುಕ್ಕೆ ರೋಗ: ಕಾನೂನಿನಲ್ಲಿ ದಾರಿಯಿದೆಯೇ?

ಪ್ರಶ್ನೆ (ಹೊಸನಗರದ ಕಡೆಯಿಂದ): ಎರಡು ವರ್ಷಗಳಿಂದ ರೋಗ ಬಂದ ಅಡಿಕೆ ಸೋಗೆಗಳನ್ನು ಕಡಿದು ಸುಟ್ಟು ಔಷಧಿ ಹೊಡೆಸುತ್ತಿದ್ದೇವೆ. ಪಕ್ಕದ ತೋಟದವರು ಬೆಂಗಳೂರಿನಲ್ಲಿದ್ದು, ಅಲ್ಲಿ ಆರೈಕೆಯೇ ಇಲ್ಲ. ಮಳೆ ಹಿಡಿದೊಡನೆ ಎರಡು ತೋಟಗಳ ನಡುವಿನ ಅಗಳದ (ಕಂದಕದ) ಅಂಚಿನ ಸಾಲಿನಿಂದ ರೋಗ ಮತ್ತೆ ಶುರುವಾಗುತ್ತದೆ. ಅವರನ್ನು ಕಾನೂನಿನ ಮೂಲಕ ಒಪ್ಪಿಸಿದವರಿದ್ದರೆ ದಯವಿಟ್ಟು ತಿಳಿಸಿ.

ಉತ್ತರ (ತೀರ್ಥಹಳ್ಳಿಯಿಂದ): ಇದೇ ಸಂಕಟವನ್ನು ನಾನೂ ಅನುಭವಿಸಿದ್ದೇನೆ. 1968ರ ಕರ್ನಾಟಕ ಕೃಷಿ ಪೀಡೆ ಮತ್ತು ರೋಗಗಳ ಕಾಯ್ದೆ ಇದೆ. ಯಾವುದಾದರೂ ರೋಗದಿಂದ ಒಂದು ಪ್ರದೇಶದ ಬೆಳೆಗೆ ಅಪಾಯವಿದೆಯೆಂದು ಸರ್ಕಾರ ಅಧಿಸೂಚನೆ ಹೊರಡಿಸಿದರೆ, ಅಲ್ಲಿನ ಜಮೀನಿನ ಅನುಭೋಗದಾರರು ಸೂಚಿಸಿದ ಕ್ರಮಗಳನ್ನು ಕೈಗೊಳ್ಳಲೇಬೇಕು. ತಪ್ಪಿದರೆ ಅಧಿಕಾರಿಗಳೇ ಮಾಡಿಸಿ ಖರ್ಚನ್ನು ವಸೂಲು ಮಾಡಬಹುದು. ಆದರೆ ಆ ಅಧಿಸೂಚನೆ ಆಗುವವರೆಗೆ ಪಕ್ಕದವರ ಮೇಲೆ ಈ ಕಾಯ್ದೆಯ ಹೊಣೆ ಬೀಳುವುದಿಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ 2014ರ ಜೈವಿಕ ಸುರಕ್ಷತಾ ಕಾಯ್ದೆ ಹಾಗಲ್ಲ: ತನ್ನ ಕೈಯಲ್ಲಿರುವ ಗಿಡ, ಪ್ರಾಣಿ ಅಥವಾ ವಸ್ತುವಿನಿಂದ ಅಪಾಯ ಹರಡಬಹುದೆಂದು ತಿಳಿದವನು, ತಿಳಿದಿರಬೇಕಾದವನು ಸಹ, ಸಾಧ್ಯವಿರುವ ಎಚ್ಚರಿಕೆಯನ್ನು ತಾನೇ ವಹಿಸಬೇಕೆಂದು ಅದು ಹೇಳುತ್ತದೆ. ನಮಗೆ ಬೇಕಾಗಿರುವುದು ಅಂಥದೇ ಕಾನೂನು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ನಾನು ಮೊದಲು ನಮ್ಮ ಪಕ್ಕದ ತೋಟದವರಿಗೆ ಕಾಯ್ದೆಯ ಹೆಸರು ಹಾಕಿ ಪತ್ರ ಬರೆದೆ. ಅವರು ನೊಂದುಕೊಂಡರು, ಒಂದು ಮಳೆಗಾಲ ಮಾತೇ ನಿಂತಿತು. ಮುಂದಿನ ಬೇಸಿಗೆಯಲ್ಲಿ ಹಬ್ಬಕ್ಕೆ ಊರಿಗೆ ಬಂದವರನ್ನು ತೋಟಕ್ಕೆ ಕರೆದೊಯ್ದು, ಅವರದೇ ಮರದ ಒಂದು ಗರಿಯನ್ನು ಬೆಳಕಿಗೆ ಹಿಡಿದು ತೋರಿಸಿದೆ. ಕಂದು ಚುಕ್ಕೆಗಳು, ಪ್ರತಿಯೊಂದರ ಸುತ್ತ ಹಳದಿ ಉಂಗುರ. ಕೆಲವು ಕಡೆ ಚುಕ್ಕೆಗಳು ಒಂದಕ್ಕೊಂದು ಕೂಡಿ ಗರಿಯೇ ಒಣಗಿತ್ತು. ಬಹಳ ಹೊತ್ತು ನೋಡಿದ ಮೇಲೆ ಅವರು ಹೇಳಿದ್ದು, "ಮಾಡಿಸಬಾರದು ಅಂತಲ್ಲ, ನನಗೆ ಕೊನೆಗಾರರೇ ಸಿಗುವುದಿಲ್ಲ." ಅಡಿಕೆ ಮರ ಹತ್ತಿ ಕೆಲಸ ಮಾಡುವವರು ಸಿಗದಿರುವುದೊಂದೇ ಅವರ ತೊಂದರೆಯಾಗಿತ್ತು. ಅಂದಿನಿಂದ ನಮ್ಮ ಕೊನೆಗಾರರೇ ಎರಡೂ ತೋಟಗಳ ಸೋಗೆಯನ್ನು ಮುಂಗಾರಿಗೆ ಮುಂಚೆ ಒಟ್ಟಿಗೆ ಇಳಿಸುತ್ತಾರೆ, ಔಷಧಿಯೂ ಒಂದೇ ವಾರದಲ್ಲಿ ಆಗುತ್ತದೆ, ಅವರ ಪಾಲಿನ ಕೂಲಿಯನ್ನು ಅವರು ಕಳುಹಿಸುತ್ತಾರೆ. ರೋಗ ಪೂರ್ತಿ ಹೋಗಿಲ್ಲ, ಆದರೆ ಅಂಚಿನ ಸಾಲಿನ ಮರಗಳು ಚೇತರಿಸಿಕೊಂಡಿವೆ.

ಉತ್ತರ (ಸಾಗರದಿಂದ): ದನಕರುಗಳ ವಿಷಯದಲ್ಲಿ ನಮ್ಮ ದೇಶದ ಕಾನೂನು ಇದಕ್ಕಿಂತ ಸ್ಪಷ್ಟವಾಗಿದೆ. ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ಕುರಿತ 2009ರ ಕೇಂದ್ರ ಕಾಯ್ದೆಯಂತೆ, ಕಾಲುಬಾಯಿ ರೋಗದಂಥದ್ದರ ಅನುಮಾನ ಬಂದ ಕೂಡಲೇ ಸಾಕಿದವರೇ ಗ್ರಾಮಾಧಿಕಾರಿಗೋ ಪಂಚಾಯಿತಿಗೋ ತಿಳಿಸಿ, ಆ ಪ್ರಾಣಿಯನ್ನು ಬೇರೆ ಕಟ್ಟಬೇಕು. ಅಡಿಕೆಗೂ ಇಂಥ ಕರ್ತವ್ಯ ಬರಲೆಂದು ನಮ್ಮ ಸಹಕಾರ ಸಂಘದ ಸಭೆಯಲ್ಲಿ ನಾನು ಕೇಳುತ್ತಲೇ ಬಂದಿದ್ದೇನೆ. ನೀವೂ ಅಕ್ಕಪಕ್ಕದ ಬೆಳೆಗಾರರ ಸಹಿ ಹಾಕಿಸಿ, ಅಧಿಸೂಚನೆಗಾಗಿ ಇಲಾಖೆಗೆ ಮನವಿ ಕೊಡಿ.

ಪ್ರಶ್ನೆ ಕೇಳಿದವರು: ಇಬ್ಬರಿಗೂ ಕೃತಜ್ಞತೆಗಳು. ಅವರಿಗೆ ಕೊನೆಗಾರರ ಅನುಕೂಲ ಇದೆಯೇ ಎಂದು ನಾನು ಒಮ್ಮೆಯೂ ವಿಚಾರಿಸಿರಲಿಲ್ಲ. ಇಂದು ಸಂಜೆಯೇ ಫೋನ್ ಮಾಡುತ್ತೇನೆ.