ಪದಕದ ಹಾದಿ, ಡಬ್ಬಿಯ ಗತಿ

— ನಮ್ಮ ಜಿಯೋಕ್ಯಾಶ್ ಹಾದಿ, ಅಂದರೆ ಜಿಪಿಎಸ್ ಹಿಡಿದು ಬಚ್ಚಿಟ್ಟ ಡಬ್ಬಿ ಹುಡುಕೋ ಆಟದ ದಾರಿ, ಎಲ್ಲಿಂದ ಶುರು?

— ಅಮೆರಿಕದ ಜಾರ್ಜಿಯಾ ರಾಜ್ಯದ ಕೆನೆಸಾದಿಂದ. ಅಲ್ಲಿನ ಅಂತರ್ಯುದ್ಧದಲ್ಲಿ ಉತ್ತರದವರ ಗೂಢಚಾರ ಆಂಡ್ರ್ಯೂಸ್‌ನ ಗ್ಯಾಂಗು 1862ರ ಏಪ್ರಿಲ್ 12ರಂದು ‘ಜನರಲ್’ ಅನ್ನೋ ರೈಲು ಎಂಜಿನ್ ಕದ್ದಿದ್ದು ಅಲ್ಲೇ. ರಿಂಗೋಲ್ಡ್ ದಾಟಿದ ಮೇಲೆ ಸೌದೆ ಮುಗಿದು ನಿಂತುಹೋಯ್ತು. ನಮ್ಮ ಹಾದಿ ಟೆನೆಸ್ಸಿಯ ಚಟ್ಟನೂಗಾ ಮುಟ್ಟಿಸೋಣ.

— ಕದ್ದವರಿಗೆ ಗೌರವಾನಾ?

— ಅಮೆರಿಕದ ಅತ್ಯುನ್ನತ ಸೈನಿಕ ಪದಕ ಮೆಡಲ್ ಆಫ್ ಆನರ್ ಮೊಟ್ಟಮೊದಲು ಸಿಕ್ಕಿದ್ದೇ ಅವರಿಗೆ ಗುರುವೇ! 1863ರ ಮಾರ್ಚ್ 25, ಆರು ಜನ, ಅವರಲ್ಲೂ ಮೊದಲನೆಯವನು ಜೇಕಬ್ ಪ್ಯಾರಟ್. ಆಂಡ್ರ್ಯೂಸ್ ಸೈನಿಕನಲ್ಲ, ಹಾಗಾಗಿ ಅವನಿಗೆ ಪದಕ ಇಲ್ಲ, ನೇಣು ಮಾತ್ರ. ಗ್ಯಾಂಗಿನ ಶ್ಯಾಡ್ರಾಕ್, ವಿಲ್ಸನ್ ಇಬ್ಬರಿಗೆ ಪದಕ 2024ರಲ್ಲಿ ಬಂತು.

— ಫೈಲು ಅಲ್ಲೂ ಹಾಗೇ ನಡೆಯುತ್ತೆ ಅನ್ನು. ಸರಿ, ಚಟ್ಟನೂಗಾ ರಾಷ್ಟ್ರೀಯ ಸ್ಮಶಾನದಲ್ಲಿ ಆಂಡ್ರ್ಯೂಸ್ ಸಮಾಧಿ ಪಕ್ಕ ಒಂದು ಡಬ್ಬಿ ಹೂತುಬಿಡೋಣ.

— ನಿನ್ನನ್ನೂ ಜೊತೆಗೇ ಹೂಳ್ತಾರೆ! ಗುದ್ದಲಿ ಹಿಡಿಯೋದು ಈ ಆಟದಲ್ಲೇ ಇಲ್ಲ. ಸ್ಮಶಾನದಲ್ಲಿ ಡಬ್ಬಿ ಬೇಡ, ಬರೀ ಪ್ರಶ್ನೆ ಇಡು. ಕಲ್ಲಿನ ಮೇಲಿನ ಅಂಕಿ ಓದಿ, ಕೂಡಿ ಕಳೆದರೆ ಡಬ್ಬಿ ಇರೋ ಜಾಗದ ಅಕ್ಷಾಂಶ-ರೇಖಾಂಶ ಸಿಗಬೇಕು. ಆ ಜಾಗದ ಒಡೆಯರ ಒಪ್ಪಿಗೆ ಮೊದಲೇ ತಗೋ. ರೈಲಿನ ಕಥೆ ಅಂತ ಹಳಿ ಪಕ್ಕ ಇಡಬೇಡ ಮತ್ತೆ. ಎರಡು ಡಬ್ಬಿ ನಡುವೆ ಕನಿಷ್ಠ 161 ಮೀಟರ್ ಇರಲಿ.

— ಲೆಕ್ಕ ತಪ್ಪಿದರೆ?

— ಮಿನಿಟ್‌ನ ಮೂರನೇ ದಶಾಂಶ ಒಂದು ಅಂಕಿ ತಪ್ಪಿದರೆ ಉತ್ತರ-ದಕ್ಷಿಣ 1.85 ಮೀಟರ್, ಹುಡುಕಿ ತೆಗೀಬಹುದು. ಮೊದಲನೇ ದಶಾಂಶ ತಪ್ಪಿದರೆ 185 ಮೀಟರ್, ಯಾರದೋ ಹಿತ್ತಲು. ಇನ್ನು 35° 02.500′ ಅನ್ನೋದನ್ನ 35.02500 ಅಂತ ಒತ್ತೋ ಮಹಾನುಭಾವರು 1.85 ಕಿಲೋಮೀಟರ್ ಆಚೆ ಪೊದೆ ಕೆದಕ್ತಿರ್ತಾರೆ. ಅದಕ್ಕೇ ಅಂಕಿಗಳ ಒಟ್ಟು ಮೊತ್ತವನ್ನೂ ಪ್ರಶ್ನೆ ಜೊತೆ ಕೊಡು, ತಾಳೆ ನೋಡ್ಕೊಳ್ತಾರೆ. ಮರದಡಿ ಜಿಪಿಎಸ್ ಓಲಾಡುತ್ತೆ. ಬೇರೆ ಬೇರೆ ದಿನ ಅಳೆದು ಸರಾಸರಿ ಹಿಡಿ.

— ಡಬ್ಬಿಯೊಳಗೆ ನಕಲಿ ಮೆಡಲ್ ಇಟ್ಟರೆ ಮಜಾ ಇರುತ್ತಲ್ಲ?

— ಅನುಮತಿ ಇಲ್ಲದೆ ಅದನ್ನ ಮಾಡೋದು, ಮಾರೋದು ಎಲ್ಲ ಅಮೆರಿಕದ ಕಾನೂನಲ್ಲಿ ಅಪರಾಧ, ಒಂದು ವರ್ಷದವರೆಗೂ ಜೈಲು. ವೀರನ ಹೆಸರು, ದಳ, ಅವನು ಮಾಡಿದ ಕೆಲಸ ಬರೆದ ಚೀಟಿ ಸಾಕು. ಜೊತೆಗೆ ಹುಡುಕಿದವರು ಹೆಸರು ಬರೆಯೋ ಲಾಗ್‌ಬುಕ್, ಪೆನ್ಸಿಲ್. ಪೆನ್ನು ಚಳಿಗೆ ಕೈಕೊಡುತ್ತೆ, ತೇವಕ್ಕೆ ಶಾಯಿ ಹರಡುತ್ತೆ.

— ಐಸ್‌ಕ್ರೀಮ್ ಡಬ್ಬ ಆಗುತ್ತಾ?

— ಬಿಸಿಲಿಗೆ ಸೀಳಿ, ಮಳೆಗೆ ನೀರು ಕುಡಿದು, ಲಾಗ್‌ಬುಕ್ ಅಂಬಲಿ ಆಗುತ್ತೆ. ಸೈನ್ಯದ ಹಳೇ ಮದ್ದುಗುಂಡಿನ ತಗಡಿನ ಪೆಟ್ಟಿಗೆ ತಗೋ. ಮುಚ್ಚಳದ ರಬ್ಬರ್ ಪಟ್ಟಿ ಬಿರುಕು ಬಿಟ್ಟಿದೆಯಾ ನೋಡು. ಪ್ಲಾಸ್ಟಿಕ್ ಚೀಲದ ತುದಿ ಅದಕ್ಕೆ ಸಿಕ್ಕಿಕೊಂಡರೂ ಸಾಕು, ನೀರು ಒಳಗೆ. ಆಮೇಲೆ ಮೇಲಿರೋ ಸೈನ್ಯದ ಅಕ್ಷರಕ್ಕೆ ಬಣ್ಣ ಬಳಿದು ‘ಜಿಯೋಕ್ಯಾಶ್’ ಅಂತ ದಪ್ಪಗೆ ಬರಿ.

— ಸೈನಿಕರ ಗೌರವಕ್ಕೆ ಸೈನ್ಯದ ಅಕ್ಷರಾನೇ ಅಳಿಸಬೇಕಾ?

— ಬಾಂಬು ಅಂದ್ಕೊಂಡು ಪೊಲೀಸರು ಬರೋದು ಬೇಡ ಅಂದರೆ ಅಳಿಸು. ಎರಡು ಕೋಟ್.